ಅಕ್ಕುವಿನ ರುಬ್ಬುಕಲ್ಲು

ಸಿದ್ದರಾಮಪ್ಪನವರ ಬಗ್ಗೆ ಹೇಳುತ್ತೇನೆ, ಬರೆದುಕೋ ಮಗಾ. ನಡುವೆ ಎಲ್ಲಿಗಾದರೂ ಹೊರಳಿದರೆ ಬೈಯಬೇಡ, ವಯಸ್ಸಾಯಿತು.

ಆಗ ನಾವು ಊರು ಬಿಟ್ಟು ಪರೇಲಿನ ಚಾಳಿನಲ್ಲಿ, ಮೂರನೇ ಮಾಳಿಗೆಯಲ್ಲಿದ್ದೆವು; ಒಂದೇ ಮೊಗಸಾಲೆ, ಅದರ ಎರಡೂ ಬದಿಗೆ ಸಂಸಾರಕ್ಕೊಂದು ಕೋಣೆ. ಐವತ್ತಾರೋ ಐವತ್ತೇಳೋ ಇಸವಿ. ನಿನ್ನಪ್ಪ ಇನ್ನೂ ಅಂಬೆಗಾಲಿಡುತ್ತಿದ್ದ. ಪಕ್ಕದ ಖೋಲಿಯಲ್ಲಿ ಡಾಕ್ಟರ್ ಸಿದ್ದರಾಮಪ್ಪ, ನಮ್ಮ ವಿಜಾಪುರದ ಕಡೆಯವರು. ಔಷಧಿ ಬರೆದು ಕೊಡುವ ಡಾಕ್ಟರಲ್ಲ. ಹತ್ತು ಮಕ್ಕಳಿಗೆ ಒಗ್ಗುವ ತಿಂಡಿ ಒಂದು ಮಗುವಿಗೆ ಮಾತ್ರ ಯಾಕೆ ಒಗ್ಗುವುದಿಲ್ಲ ಎಂದು ಹುಡುಕುವುದು ಆಸ್ಪತ್ರೆಯಲ್ಲಿ ಅವರ ಕೆಲಸ. ಶೇಂಗಾ, ಹಾಲು, ಮೊಟ್ಟೆ, ಎಳ್ಳು, ಒಂದೊಂದರ ರಸ ತೆಗೆದು, ಮಗುವಿನ ತೋಳನ್ನು ಸೂಜಿಯಿಂದ ಸಣ್ಣಗೆ ಗೀರಿ ಒಂದೊಂದು ಹನಿ ಇಡುತ್ತಿದ್ದರು. ಎಲ್ಲಿ ದದ್ದು ಏಳುತ್ತದೋ ಅದೇ ಕಳ್ಳ. ಮೊದಲು ತಮ್ಮ ತೋಳಿಗೇ ಗೀರಿಕೊಳ್ಳುತ್ತಿದ್ದರು. ನೋಡಿದರೆ ಕೆಟ್ಟ ಬೆಕ್ಕು ಸಾಕಿದವರ ತೋಳು! ಹೆಣ್ಣು ನೋಡಲು ಹೋದಾಗಲೂ ಅದನ್ನು ಮುಚ್ಚಿಕೊಳ್ಳಲಿಲ್ಲ ಪುಣ್ಯಾತ್ಮ. ಇರಲಿ, ಆ ಕಥೆ ಬೇರೆ.

ಎದುರು ಖೋಲಿಯಲ್ಲಿ ಉಡುಪಿ ಕಡೆಯ ವಿನೋದಿನಿ. ಅವಳ ಗಂಡನಿಗೆ ಹೋಟೆಲಿನಲ್ಲಿ ಕೆಲಸ. ಮಗಳು ಅಕ್ಕು, ನಾಲ್ಕು ವರ್ಷದ್ದು. ಆ ಕೂಸಿಗೆ ಆಗಾಗ ತುಟಿ ಊದಿ ಉಸಿರು ಕಟ್ಟುತ್ತಿತ್ತು. ಕಳ್ಳ ಎಳ್ಳು ಎಂದು ಸಿದ್ದರಾಮಪ್ಪನವರು ಕಂಡುಹಿಡಿದರು. ವಿನೋದಿನಿ ಮನೆಯೊಳಗೆ ಒಂದು ಕಾಳು ಎಳ್ಳೂ ಇಲ್ಲದಂತೆ ಮಾಡಿದಳು. ಮಳೆಗಾಲವೆಲ್ಲ ಅಕ್ಕು ಮೊಗಸಾಲೆಯಲ್ಲಿ ಓಡಿದ್ದೇ ಓಡಿದ್ದು.

ಚಳಿ ಶುರುವಾಯಿತು ನೋಡು, ಒಂದು ಭಾನುವಾರ ಬೆಳಿಗ್ಗೆ ಬರೀ ಇಡ್ಲಿ ತಿಂದ ಮಗು ನೀಲಿಯಾಯಿತು. ಸಿದ್ದರಾಮಪ್ಪನವರು ಬರಿಗಾಲಲ್ಲೇ ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ಸೂಜಿಮದ್ದು ಕೊಟ್ಟ ಮೇಲೆ ಜೀವ ಬಂತು.

ಸಂಜೆ ವಿನೋದಿನಿ ಅವರ ಬಾಗಿಲಲ್ಲಿ ನಿಂತಳು.

"ಅಕ್ಕಿ, ಉದ್ದು, ಉಪ್ಪು. ಬೇರೆ ಎಂತದೂ ಹಾಕ್ಲಿಲ್ಲ ಡಾಕ್ಟ್ರೇ, ದೇವರಾಣೆ. ನಿಮ್ಮ ಪರೀಕ್ಷೆ ಸಾಕು. ಗುರುವಾರದ ಹಡಗಿಗೆ ಇವಳನ್ನು ಊರಿಗೆ ಕಳಿಸ್ತೇನೆ, ಅಜ್ಜಿ ನೋಡಿಕೊಳ್ತಾರೆ. ನನ್ನ ಕೈಯಲ್ಲಿ ಇವಳು ಉಳಿಯುದಿಲ್ಲ."

ಹೆತ್ತವಳ ಬಾಯಲ್ಲಿ ಅಂಥ ಮಾತು!

ಮರುದಿನ ನಾನು ಮೊಗಸಾಲೆಯಲ್ಲಿ ಎಳ್ಳಿನ ಚಟ್ನಿ ರುಬ್ಬುತ್ತಿದ್ದೆ. ಚಳಿಗೆ ನಿನ್ನಜ್ಜನಿಗೆ ರೊಟ್ಟಿಯ ಜೊತೆ ಅದೇ ಬೇಕು. ಚಹಾ ಕುಡಿಯಲು ಬಂದ ಸಿದ್ದರಾಮಪ್ಪನವರು ಕಪ್ಪು ಹಿಡಿದು ಹಾಗೇ ನಿಂತರು.

"ದಾನಕ್ಕಾರ, ಈ ಕಲ್ಲಿನ್ಯಾಗ ಮತ್ತ ಯಾರ್ ರುಬ್ಬತಾರ?"

"ಎಲ್ಲಾರೂ ರುಬ್ಬತಾರ್ರಿ. ಇಡೀ ಮಾಳಿಗಿಗೆ ಇದೊಂದ ಕಲ್ಲು."

"ಶನಿವಾರ ವಿನೋದಿನಿಬಾಯಿ?"

"ನಂದು ಚಟ್ನಿ ಮುಗದ ಮ್ಯಾಲೆ ರುಬ್ಬಿದ್ರು. ಎರಡ ತಂಬಿಗಿ ನೀರ್ ಹಾಕಿ ತೊಳದ ಕೊಟ್ಟೀನಲ್ರಿ!"

ನಾನು ಕಲ್ಲು ತೊಳೆದೆ. ಅವರು ಒಳಗೆ ಬೆರಳಾಡಿಸಿ ನನ್ನ ಮೂಗಿಗೆ ಹಿಡಿದರು. ಎಳ್ಳೆಣ್ಣೆಯ ಘಮ. ಸವೆದು ನುಣ್ಣಗಾಗಿದ್ದ ಕಲ್ಲಿಗೆ ದೀಪಾವಳಿಯಲ್ಲಿ ಉಳಿಯಿಂದ ಕಚ್ಚು ಕುಟ್ಟಿಸಿದ್ದೆ. ಹೊಸ ಕಚ್ಚುಗಳಲ್ಲಿ ಎಣ್ಣೆ ಕೂತುಬಿಟ್ಟಿತ್ತು.

"ನಾನ ಆ ಕೂಸಿಗೆ ವಿಷಾ ಹಾಕಿದೆನೇನ್ರಿ?"

"ಹಂಗನ್ನಬ್ಯಾಡ್ರಿ ಅಕ್ಕಾರ. ತಪ್ಪು ನಂದು. ಏನ್ ತಿಂದ್ಳು ಅಂತ ಸಾವಿರ ಸಲ ಕೇಳೀನಿ, ಎಲ್ಲಿ ರುಬ್ಬಿದ್ರಿ ಅಂತ ಒಮ್ಮೆನೂ ಕೇಳಲಿಲ್ಲ. ಊರಾಗ ಮನಿಗೊಂದು ಕಲ್ಲು. ಇದು ಚಾಳು ಅನ್ನೂದ ಮರತೆ."

ಭಾಂಡುಪಿನ ಹತ್ತಿರ ರುಬ್ಬುಕಲ್ಲು ಕೆತ್ತುವವರಿದ್ದರು. ಮಂಗಳವಾರ ಸಿದ್ದರಾಮಪ್ಪನವರು ಅಲ್ಲಿಂದ ಅಕ್ಕುವಿಗೆಂದೇ ಒಂದು ಪುಟ್ಟ ಕಲ್ಲು ತಂದರು. ಲೋಕಲ್ ರೈಲಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ಬಂದರಂತೆ! ಪ್ಯಾಂಟು ಹರಿದದ್ದು ಅವರಿಗೆ ಗೊತ್ತೇ ಇರಲಿಲ್ಲ, ನಾನೇ ಹೊಲಿದುಕೊಟ್ಟೆ.

ಇನ್ನೊಂದು ಪರೀಕ್ಷೆಗೆ ವಿನೋದಿನಿ ಒಪ್ಪಲಿಲ್ಲ. ಪೆಟ್ಟಿಗೆ ಕಟ್ಟಿ ಬಾಗಿಲಲ್ಲಿಟ್ಟಿದ್ದಳು. ನಾನೇ ಅವಳ ಕೈ ಹಿಡಿದು ನಡೆದದ್ದನ್ನೆಲ್ಲ ಹೇಳಿ ಅತ್ತೆ. ಆಮೇಲೆ ಹೊಸ ಕಲ್ಲಿನಲ್ಲಿ ಹಿಟ್ಟು ರುಬ್ಬಿದಳು.

ಬುಧವಾರ ಬೆಳಿಗ್ಗೆ ಅಕ್ಕುವಿನ ಮುಂದೆ ಒಂದೇ ಒಂದು ಇಡ್ಲಿ. ಪಕ್ಕದಲ್ಲಿ ಸೂಜಿಯ ಡಬ್ಬಿ ತೆರೆದಿಟ್ಟು, ಗಡಿಯಾರ ಬಿಚ್ಚಿ ಅಂಗೈಯಲ್ಲಿ ಹಿಡಿದು ಸಿದ್ದರಾಮಪ್ಪನವರು. ಮೊದಲು ಒಂದು ಚೂರು. ಕಾದರು. ಇನ್ನೊಂದು ಚೂರು. ವಿನೋದಿನಿ ಮಗಳ ತುಟಿಯನ್ನೇ ನೋಡುತ್ತ ಕೂತಿದ್ದಳು. ಇಡ್ಲಿ ಮುಗಿದು ಒಂದು ಗಂಟೆಯಾದರೂ ತುಟಿ ಹಾಗೇ ಇತ್ತು, ಕೆಂಪಗೆ, ಪುಟ್ಟಗೆ.

"ಮಾಮಾ, ಇನ್ನೊಂದು ತಿನ್ಲಾ?" ಎಂದಿತು ಕೂಸು.

ಸಿದ್ದರಾಮಪ್ಪನವರು ಹೂಂ ಎಂದು ತಲೆಯಾಡಿಸಿದರು. ವಿನೋದಿನಿ ಇನ್ನೊಂದು ಇಡ್ಲಿ ಬಡಿಸಿ, ಬಾಗಿಲಲ್ಲಿದ್ದ ಪೆಟ್ಟಿಗೆಯನ್ನು ಎಳೆದುಕೊಂಡು ಹೋಗಿ ಮಂಚದ ಕೆಳಗೆ ತಳ್ಳಿದಳು.