ಎಡ ಚಕ್ರದ ಬಿಸಿ

ಊರವರು ಅವನನ್ನು ಕ್ಯಾನು ಎಂದು ಕರೆಯುತ್ತಿದ್ದರು. ಎದುರಿಗೆ ಹಾಗೆ ಕರೆಯುವ ಧೈರ್ಯ ಕೆಲವರಿಗಿತ್ತು, ಬೆನ್ನ ಹಿಂದೆ ಎಲ್ಲರಿಗೂ ಇತ್ತು. ಈ ಕಥೆಯಲ್ಲಿ ಮಾತ್ರ ಅವನು ಡ್ರೈವರ್. ಕಸುಬು ಅದೇ, ಅದನ್ನು ಅವನಿಂದ ಕಿತ್ತುಕೊಂಡವರು ಏನೇ ಹೇಳಲಿ.

ಹನ್ನೊಂದು ವರ್ಷ ಅವನು ತಕ್ಕಡಿ ಸಾಹುಕಾರರ ಕಾರು ಓಡಿಸಿದ. ಸಾಹುಕಾರರಿಗೆ ಪೇಟೆಬೀದಿಯಲ್ಲಿ ತಕ್ಕಡಿ, ತೂಕದ ಬಟ್ಟು ಮಾರುವ ದೊಡ್ಡ ಅಂಗಡಿ. ಮನುಷ್ಯ ಅಳತೆಯ ಹುಚ್ಚ. ಪೆಟ್ರೋಲು ಹಾಕಿಸಿದಾಗಲೆಲ್ಲ ಕಾರು ಎಷ್ಟು ಕಿಲೋಮೀಟರ್ ಓಡಿತು, ಎಷ್ಟು ಲೀಟರ್ ಹಿಡಿಯಿತು ಎಂದು ಕಾರ್ಡಿನ ಮೇಲೆ ಬರೆದಿಡುತ್ತಿದ್ದರು. ಹತ್ತನೆಯ ವರ್ಷದಿಂದ ಆ ಕಾರ್ಡು ವಿಚಿತ್ರವಾಗಿ ಮಾತಾಡತೊಡಗಿತು. ತಕ್ಕಡಿ ಹೇರಿಕೊಂಡು ಸಾಹುಕಾರರು ಪರವೂರಿಗೆ ಹೋದಾಗ ಲೀಟರಿಗೆ ಹದಿಮೂರು. ಅವರು ಜೊತೆಗಿಲ್ಲದೆ ಮನೆಯವರು ಊರೊಳಗೆ ಓಡಾಡಿದಾಗ ಒಂದು ವಾರ ಹನ್ನೊಂದು, ಮತ್ತೊಂದು ವಾರ ಎಂಟು.

ಸಾಹುಕಾರರು ಕಾರನ್ನು ಗ್ಯಾರೇಜಿಗೆ ಕಳಿಸಿದರು. ಅಲ್ಲಿನ ಮೇಸ್ತ್ರಿ ಪ್ಲಗ್ ನೋಡಿದ, ಕಾರ್ಬುರೇಟರ್ ಬಿಚ್ಚಿ ತೊಳೆದ, ಹೆದ್ದಾರಿಯಲ್ಲಿ ನೂರು ಕಿಲೋಮೀಟರ್ ಓಡಿಸಿದ. ಹದಿಮೂರು ಬಂತು. "ಗಾಡಿ ಸರಿಯಾಗಿದೆ ಸಾಹುಕಾರ್ರೇ, ಗಾಡಿ ಓಡಿಸೋನ್ನ ನೋಡ್ಕೊಳ್ಳಿ" ಎಂದ. ಆ ಮೇಸ್ತ್ರಿ ಈಗ ಈ ಊರಲ್ಲಿಲ್ಲ. ಇದ್ದಿದ್ದರೆ ಅವನ ಸರದಿಯೂ ಬರುತ್ತಿತ್ತು.

ಮರುದಿನ ಬೆಳಗ್ಗೆ ಸಾಹುಕಾರರು ಅಂಗಡಿಯ ಮುಂದೆ, ಗಿರಾಕಿಗಳು, ಹಮಾಲಿಗಳು ನೋಡುತ್ತಿದ್ದಂತೆ ಡಿಕ್ಕಿ ತೆಗೆಸಿದರು. ಒಳಗೆ ಐದು ಲೀಟರಿನ ಖಾಲಿ ಕ್ಯಾನು ಇತ್ತು, ರೇಡಿಯೇಟರಿಗೆ ನೀರು ಹಾಕಲು ಇಟ್ಟದ್ದು. ಸಾಹುಕಾರರು ಮೂಸಿ ನೋಡಿದರು.

"ಪೆಟ್ರೋಲ್ ವಾಸನೆ ಇಲ್ಲ" ಎಂದ ಡ್ರೈವರ್.

"ತೊಳೆದಿದ್ದೀಯ, ಅದಕ್ಕೇ ಇಲ್ಲ" ಎಂದರು ಸಾಹುಕಾರರು. ಕೀಲಿ ಕಿತ್ತುಕೊಂಡರು.

ಇಂಥ ಮಾತಿಗೆ ಏನು ಉತ್ತರ ಕೊಡುತ್ತೀರಿ? ವಾಸನೆ ಇದ್ದರೂ ಕಳ್ಳ, ಇಲ್ಲದಿದ್ದರೂ ಕಳ್ಳ. ಆಮೇಲೆ ಊರಲ್ಲಿ ಒಬ್ಬರೂ ಅವನ ಕೈಗೆ ಸ್ಟೀರಿಂಗ್ ಕೊಡಲಿಲ್ಲ. ಹೆಂಡತಿಯ ತಮ್ಮನದೊಂದು ಲಾಂಡ್ರಿ ಇತ್ತು, ಇಳಿಜಾರು ಬೀದಿಯ ಕೆಳತುದಿಯಲ್ಲಿ. ಅಲ್ಲಿ ಇಸ್ತ್ರಿ ಹಿಡಿದ. ಒಂಬತ್ತು ವರ್ಷ ಹಿಡಿದ. ಸಾಹುಕಾರರ ಬಿಳಿ ಅಂಗಿಗಳು ವಾರವಾರ ಅದೇ ಲಾಂಡ್ರಿಗೆ ಬರುತ್ತಿದ್ದವು. ಸುಡಬಹುದಿತ್ತು, ಸುಡಲಿಲ್ಲ. ಅಷ್ಟು ಅಗ್ಗದ ಸೇಡು ಅವನಿಗೆ ಬೇಡವಾಗಿತ್ತು. ಕಾಲರ್ ಮೇಲೆ ಇಸ್ತ್ರಿ ಒತ್ತಿ ಹಿಡಿದು, ಆ ಕತ್ತು ಬೀದಿಯಲ್ಲಿ ತಗ್ಗುವ ದಿನವನ್ನು ನೆನೆಯುತ್ತಿದ್ದ.

ಒಂದು ದಿನ ಬಟ್ಟೆ ಕೊಡಲು ಬಂದ ಗುಜರಿಯವನು ಮಾತಿನ ನಡುವೆ, ತಕ್ಕಡಿ ಸಾಹುಕಾರರ ಹಳೇ ಕಾರು ತನ್ನ ಅಂಗಳಕ್ಕೆ ಬಂದಿದೆ ಎಂದ. "ಓಡುತ್ತೆ. ಆದ್ರೆ ಮೈಲೇಜ್ ಅನ್ನೋದು ಅದರ ಮನಸ್ಸಿಗೆ ಬಂದ ಹಾಗೆ. ನಾಳಿದ್ದು ಕಡಿದು ಹಾಕ್ತೀನಿ."

ಡ್ರೈವರ್ ಇಸ್ತ್ರಿಯನ್ನು ನೆಟ್ಟಗೆ ನಿಲ್ಲಿಸಿ, ಕೂಡಿಟ್ಟದ್ದನ್ನೆಲ್ಲ ಬಳಿದು ತಂದು ಕಾರನ್ನು ಬಿಡಿಸಿಕೊಂಡ.

ಬಾಗಿಲಲ್ಲಿ ಕಾರು ನೋಡಿದ ಹೆಂಡತಿ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಈ ಹೊಟ್ಟೆಬಾಕನ್ನ ಮನೆಗೇ ಕರ್ಕೊಂಡು ಬಂದ್ರಾ? ಬೀದೀಲಿ ಮರ್ಯಾದೆ ಕಳೆದದ್ದು ಸಾಲದು ಅಂತ?"

"ಕಳೆದವನ ಹತ್ರಾನೇ ವಾಪಸ್ ಈಸ್ಕೋಬೇಕು ಕಣೇ" ಎಂದ.

ಕಾರು ಒರೆಸುವಾಗ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಕಾರ್ಡಿನ ಕಟ್ಟು ಸಿಕ್ಕಿತು. ಸಾಹುಕಾರರು ಮರೆತು ಬಿಟ್ಟದ್ದು. ಅವನ ನಂತರ ಬಂದ ಇಬ್ಬರು ಡ್ರೈವರುಗಳೂ ಹೀಗೇ ಕಳ್ಳರಾಗಿ ಹೊರಬಿದ್ದದ್ದು, ಕೊನೆಯ ಐದು ವರ್ಷ ಸಾಹುಕಾರರೇ ಕಾರು ಓಡಿಸಿದ್ದು ಊರಿಗೇ ಗೊತ್ತಿತ್ತು. ಆ ಐದು ವರ್ಷದ ಕಾರ್ಡುಗಳಲ್ಲಿ ಅವರದೇ ಕೈಬರಹದಲ್ಲಿ ಹದಿಮೂರು, ಎಂಟು, ಹನ್ನೊಂದು, ಎಂಟು.

ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು ಅದನ್ನು ಮೂರು ಸಲ ಓದಿದ. ತಾನು ಕದ್ದಿಲ್ಲವೆಂದು ಈ ಮನುಷ್ಯನಿಗೆ ಐದು ವರ್ಷದಿಂದ ಗೊತ್ತಿದೆ! ಗೊತ್ತಿದ್ದೂ ಬಾಯಿ ಬಿಟ್ಟಿಲ್ಲ. ಕಳ್ಳ ಎಂದದ್ದನ್ನಾದರೂ ಒಂದು ದಿನ ನುಂಗಿಕೊಳ್ಳುತ್ತಿದ್ದನೋ ಏನೋ, ಈ ಮೌನ ಅವನ ಗಂಟಲಲ್ಲಿ ಇಳಿಯಲಿಲ್ಲ.

"ಇದನ್ನೇ ಒಯ್ದು ಮುಖದ ಮೇಲೆ ಎಸೆದು ಬನ್ನಿ" ಎಂದಳು ಹೆಂಡತಿ.

"ಹಳೇ ಗಾಡಿ, ಕುಡಿಯುತ್ತೆ ಅಂತ ಕೈ ತೊಳ್ಕೋತಾರೆ. ನಿಜವಾದ ಕಳ್ಳನ್ನ ಹಿಡಿದು ಮುಂದೆ ನಿಲ್ಲಿಸಬೇಕು."

ಹುಡುಕಾಟ ಶುರುವಾಯಿತು. ಅವನು ಓದಿದವನಲ್ಲ, ಆದರೆ ಕೆಲಸದಲ್ಲಿ ಅಡ್ಡದಾರಿ ಗೊತ್ತಿಲ್ಲದವನು. ಮೊದಲು ಅಳತೆಯನ್ನೇ ಅನುಮಾನಿಸಿದ. ಅದೇ ಬಂಕು, ಅದೇ ಪಂಪು, ನೆಲದ ಮೇಲೆ ಚಕ್ರ ನಿಲ್ಲುವ ಜಾಗವೂ ಅದೇ, ಪ್ರತಿ ಸಲ ಟ್ಯಾಂಕಿನ ಕತ್ತಿನವರೆಗೆ. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳಿಗೆ ಮೀಟರನ್ನು ಹೋಲಿಸಿದ, ತಾಳೆಯಾಯಿತು. ಟ್ಯಾಂಕಿನ ಕೆಳಗೆ ರಟ್ಟು ಹಾಸಿ ನೋಡಿದ, ಒಂದು ಹನಿ ಕಲೆಯಿಲ್ಲ. ಪ್ಲಗ್ ಬದಲಿಸಿದ, ಏರ್ ಫಿಲ್ಟರ್ ಬದಲಿಸಿದ, ಟೈರಿಗೆ ಗಾಳಿ ಸರಿ ಮಾಡಿದ. ಹೊರಗಿನ ರಸ್ತೆಯಲ್ಲಿ ಹದಿಮೂರು. ಊರೊಳಗೆ ಈ ವಾರ ಹನ್ನೊಂದು, ಮುಂದಿನ ವಾರ ಎಂಟು. ಬೀದಿಗಳು ಅವೇ, ಹೇರು ಅದೇ. ಸದಾ ಕುಡಿಯುವ ಗಾಡಿಯಾದರೆ ರೋಗ ಎಲ್ಲಾದರೂ ಕಾಣುತ್ತದೆ. ಇದು ಬೇಕೆಂದಾಗ ಕುಡಿದು, ಪರೀಕ್ಷೆಗೆ ನಿಂತಾಗ ಬಾಯಿ ಒರೆಸಿಕೊಂಡು ಸಾಧುವಾಗುತ್ತಿತ್ತು. ಇದೇ ಅವನ ತಲೆ ತಿಂದದ್ದು.

"ಭಾವ, ಬಿಟ್ಟಾಕಿ. ಆ ಪೆಟ್ರೋಲಲ್ಲಿ ನಾಲ್ಕು ವರ್ಷ ಇಸ್ತ್ರಿ ಕಾಯಿಸಬಹುದಿತ್ತು" ಎಂದ ಲಾಂಡ್ರಿಯ ಭಾವಮೈದ.

"ನೀನು ಬಟ್ಟೆ ಮಡಿಸು" ಎಂದ ಡ್ರೈವರ್.

ಆ ಶನಿವಾರ ಹೆಂಡತಿಯನ್ನು ಕೂರಿಸಿಕೊಂಡು ಪೇಟೆಗೆ ಹೋದ. ಬೀದಿ ತುಂಬ ಜನ, ಕೈಗಾಡಿ, ಬಸ್ಸು. ಹತ್ತು ಹೆಜ್ಜೆಗೊಮ್ಮೆ ಬ್ರೇಕು. ಮರಳುವಾಗ ಇಳಿಜಾರು ಬೀದಿಯ ತಲೆಯಲ್ಲಿ ಎಂದಿನಂತೆ ಗೇರು ತೆಗೆದ. ಕಾರು ತಾನಾಗಿ ಉರುಳಿ ಲಾಂಡ್ರಿಯ ಬಾಗಿಲಿಗೆ ಬರಬೇಕು. ಅರ್ಧ ಇಳಿಜಾರಿಗೆ ಬಂದು ನಿಂತೇಬಿಟ್ಟಿತು.

"ಯಾಕ್ರೀ ನಿಲ್ಲಿಸಿದ್ರಿ?"

"ನಾನು ನಿಲ್ಲಿಸಿಲ್ಲ."

"ಮತ್ತೆ ಯಾರು ನಿಲ್ಲಿಸಿದ್ದು, ಸಾಹುಕಾರ್ರಾ? ಏನೋ ಸುಟ್ಟ ವಾಸನೆ ಬೇರೆ."

ಡ್ರೈವರ್ ಇಳಿದ. ಒಂಬತ್ತು ವರ್ಷ ಇಸ್ತ್ರಿಯ ಹತ್ತಿರ ಹಿಡಿದು ಹಿಡಿದು ಅವನ ಅಂಗೈಗೆ ಬಿಸಿಯ ಹದ ಗೊತ್ತಿತ್ತು. ಮೂರು ಚಕ್ರಗಳು ಸುಮಾರಾಗಿ ಬೆಚ್ಚಗಿದ್ದವು. ಮುಂದಿನ ಎಡ ಚಕ್ರದ ಬಳಿ ಅಂಗೈ ಒಯ್ದರೆ, ದಪ್ಪ ಹತ್ತಿ ಬಟ್ಟೆಗೆ ಇಡುವ ಇಸ್ತ್ರಿಯ ಬಿಸಿ! ಓಡಿಹೋಗಿ ಲಾಂಡ್ರಿಯಲ್ಲಿಟ್ಟಿದ್ದ ಜಾಕ್ ತಂದು ಹಚ್ಚಿ ಚಕ್ರ ಎತ್ತುವಷ್ಟರಲ್ಲಿ ಹತ್ತು ನಿಮಿಷವಾಯಿತು. ತಿರುಗಿಸಿದರೆ ಸಲೀಸಾಗಿ ತಿರುಗಿತು. ಕಳ್ಳ ಅಷ್ಟರಲ್ಲೇ ಮನೆ ಸೇರಿದ್ದ. ಆ ಮೇಸ್ತ್ರಿಗೂ ಇವನು ಸಿಗದೇ ಹೋದದ್ದು ಹೀಗೇ.

ಮರುದಿನ ಜಾಕನ್ನು ಕಾಲಡಿಯೇ ಇಟ್ಟುಕೊಂಡು ಹೊರಟ. ಬೇಕೆಂದೇ ಇಪ್ಪತ್ತು ಸಲ ಬ್ರೇಕ್ ಒತ್ತಿ ಒತ್ತಿ ಬಿಟ್ಟು, ನಿಂತಲ್ಲೇ ಚಕ್ರ ಎತ್ತಿದ. ಎರಡು ಕೈ ಹಾಕಿ ಜಗ್ಗಿದರೂ ಅಲುಗಲಿಲ್ಲ. ಬ್ರೇಕಿನ ಬಳಿಯ ಸಣ್ಣ ಸ್ಕ್ರೂ ಸಡಿಲಿಸಿದ. ಆಯಿಲ್ ಪಿಚಕಾರಿಯಂತೆ ಚಿಮ್ಮಿತು, ಚಕ್ರ ತಟ್ಟನೆ ಹಗುರಾಯಿತು.

ಚಕ್ರಕ್ಕೆ ಬ್ರೇಕ್ ಆಯಿಲ್ ಒಯ್ಯುವ ಗೇಣುದ್ದದ ರಬ್ಬರ್ ಹೋಸ್ ಒಳಗೊಳಗೇ ಊದಿಕೊಂಡಿತ್ತು. ಕಾಲಿನ ಒತ್ತಡಕ್ಕೆ ಆಯಿಲ್ ನುಗ್ಗಿ ಹೋಗುತ್ತಿತ್ತು, ಹಿಂದಿರುಗಲು ದಾರಿಯಿಲ್ಲದೆ ಅಲ್ಲೇ ಕೂರುತ್ತಿತ್ತು. ಕಾಲು ತೆಗೆದರೂ ಬ್ರೇಕು ಚಕ್ರವನ್ನು ಬಿಡುತ್ತಿರಲಿಲ್ಲ. ಹೆದ್ದಾರಿಯಲ್ಲಿ ಬ್ರೇಕ್ ಹಿಡಿಯುವುದೇ ಅಪರೂಪ, ಆಯಿಲ್ ನಿಧಾನ ಜಿನುಗಿ ಮರಳುತ್ತಿತ್ತು. ಊರೊಳಗೆ, ಅದರಲ್ಲೂ ಗದ್ದಲದ ವಾರಗಳಲ್ಲಿ, ಅದಕ್ಕೆ ಪುರುಸೊತ್ತೇ ಇರಲಿಲ್ಲ. ಹಿಡಿದ ಚಕ್ರವನ್ನು ಎಳೆದು ಎಳೆದು ಇಂಜಿನ್ ಪೆಟ್ರೋಲು ಕುಡಿಯುತ್ತಿತ್ತು. ಸಾಹುಕಾರರು ಕೂತರೆ ಹೆದ್ದಾರಿ, ಕೂರದಿದ್ದರೆ ಊರು. ಹೊರಗಿನಿಂದ ನೋಡಿದವರಿಗೆ ಡ್ರೈವರ್ ಕಳ್ಳನಲ್ಲದೆ ಬೇರೇನೂ ಕಾಣುವಂತಿರಲಿಲ್ಲ.

ಅವತ್ತೇ ಹೊಸ ಹೋಸ್ ತಂದ. ಆದರೆ ಹಾಕಲಿಲ್ಲ.

"ರೋಗ ಸಿಕ್ತಲ್ಲ, ಇನ್ನೇನು ನೋಡ್ತಾ ಕೂತಿದ್ದೀರಿ?" ಎಂದಳು ಹೆಂಡತಿ.

"ಈಗ ವಾಸಿ ಮಾಡಿದ್ರೆ ಕಳ್ಳನ್ನ ನಾನೇ ಬಿಟ್ಟು ಕಳಿಸಿದ ಹಾಗೆ. ಇನ್ನೆರಡು ದಿನ ಸಾಕ್ತೀನಿ."

ಮಂಗಳವಾರ ಹನ್ನೊಂದು ಗಂಟೆಗೆ, ಪೇಟೆಬೀದಿ ತುಂಬಿದ ಹೊತ್ತಿಗೆ, ಹಿಂದಿನ ಬೀದಿಯಿಂದ ಬ್ರೇಕ್ ಮುಟ್ಟದಂತೆ ನಿಧಾನ ಬಂದು ತಕ್ಕಡಿ ಅಂಗಡಿಯ ಮುಂದೆ ಕಾರು ನಿಲ್ಲಿಸಿದ. ಸಾಹುಕಾರರು ಕಾರನ್ನು ಮೊದಲು ನೋಡಿದರು, ಆಮೇಲೆ ಅವನನ್ನು.

"ಒಂದು ಸ್ಪ್ರಿಂಗ್ ತಕ್ಕಡಿ ಬೇಕಿತ್ತು ಸಾಹುಕಾರ್ರೇ. ನೂರು ಕಿಲೋದ್ದು."

"ಕೊಂಡ್ಕೊಳ್ಳೋಕಾ?"

"ತೂಗೋಕೆ."

"ಏನನ್ನ?"

"ಕಳ್ಳನ್ನ."

ಹಮಾಲಿಗಳು ಮೂಟೆ ಇಳಿಸಿ ಬಂದರು. ಎದುರಂಗಡಿಯವನು ಗಿರಾಕಿಯನ್ನು ಬಿಟ್ಟು ಬಂದ. "ಕ್ಯಾನು ಬಂದಿದ್ದಾನೆ ಕಣ್ರೋ" ಎಂದು ಯಾರೋ ಕೂಗಿದರು. ಇಷ್ಟು ಜನರೆದುರು ಇಲ್ಲವೆನ್ನಲಾಗದೆ ಸಾಹುಕಾರರು ತಕ್ಕಡಿ ಕೊಡಿಸಿದರು. ಡ್ರೈವರ್ ಬಂಪರಿಗೆ ಹಗ್ಗ ಬಿಗಿದು, ಹಗ್ಗಕ್ಕೆ ತಕ್ಕಡಿಯ ಕೊಕ್ಕೆ ಸಿಕ್ಕಿಸಿ, ಇಬ್ಬರು ಹಮಾಲಿಗಳಿಗೆ ಎಳೆಯಲು ಹೇಳಿದ. ಸಮತಟ್ಟು ಬೀದಿಯಲ್ಲಿ ಕಾರು ಹೊರಟಿತು.

"ಮುಳ್ಳು ಎಲ್ಲಿದೆ ಸಾಹುಕಾರ್ರೇ? ನೀವೇ ಓದಿ."

"ಹದಿನೆಂಟು ಕಿಲೋ."

ಡ್ರೈವರ್ ಒಳಗೆ ಕೂತು ಬೀದಿಯಲ್ಲೇ ಹಿಂದಕ್ಕೆ ಮುಂದಕ್ಕೆ ಓಡಿಸುತ್ತ ಇಪ್ಪತ್ತು ಸಲ ಬ್ರೇಕ್ ಒತ್ತಿದ. ಇಳಿದ. ಮತ್ತೆ ಎಳೆಸಿದ. ಹಮಾಲಿಗಳ ಕತ್ತಿನ ನರ ಉಬ್ಬಿತು.

"ಈಗ?"

ಸಾಹುಕಾರರು ಕನ್ನಡಕ ಒರೆಸಿ ನೋಡಿದರು. "ಎಪ್ಪತ್ತು..." ದನಿ ಇಳಿದಿತ್ತು.

"ಆ ಎಡ ಚಕ್ರಕ್ಕೆ ಕೈ ಇಡಿ."

ಇಟ್ಟರು. "ಹಾ!" ಎಂದು ಕೈ ಕಿತ್ತುಕೊಂಡು ಬೆರಳನ್ನು ಬಾಯಿಗೆ ಹಾಕಿಕೊಂಡರು. ಜನ ನಕ್ಕರು. ಡ್ರೈವರ್ ನಗಲಿಲ್ಲ. ಹೋಸಿನ ಕಥೆಯನ್ನು ಎಲ್ಲರಿಗೂ ತಿಳಿಯುವಂತೆ ಹೇಳಿದ.

"ಈಚೆಗೆ ಕೆಟ್ಟಿರಬಹುದು" ಎಂದರು ಸಾಹುಕಾರರು. "ನಿನ್ನ ಕಾಲದಲ್ಲೂ ಹೀಗೇ ಇತ್ತು ಅನ್ನೋಕೆ ಏನು ಸಾಕ್ಷಿ?"

ಡ್ರೈವರ್ ಜೇಬಿನಿಂದ ಕಾರ್ಡಿನ ಕಟ್ಟು ತೆಗೆದ. "ನನ್ನ ಕಾಲದಲ್ಲಿ ಹದಿಮೂರು, ಎಂಟು. ಆಮೇಲಿನವರಿಬ್ಬರ ಕಾಲದಲ್ಲೂ ಅದೇ. ಕೊನೇ ಐದು ವರ್ಷ ನೀವೇ ಓಡಿಸಿದ್ರಿ, ಆಗಲೂ ಅದೇ. ಹಾಗಾದ್ರೆ ಆ ಐದು ವರ್ಷ ಕದ್ದವರು ಯಾರು ಸಾಹುಕಾರ್ರೇ?"

ಸಾಹುಕಾರರು ತಮ್ಮ ಕೈಬರಹವನ್ನು ನೋಡಿದರು. ಅವನ ಹತ್ತಿರ ಬಂದು ಮೆಲ್ಲಗೆ, "ಒಳಗೆ ಬಾ. ಕೂತು ಮಾತಾಡೋಣ" ಎಂದರು.

"ಅವತ್ತು ಇಲ್ಲೇ ನಿಂತು ಹೇಳಿದ್ರಿ. ಇವತ್ತೂ ಇಲ್ಲೇ ಹೇಳಿ."

ಬೀದಿ ಕಾದಿತ್ತು. "ಇವನು ಕದ್ದಿರಲಿಲ್ಲ" ಎಂದರು ಸಾಹುಕಾರರು, ನೆಲಕ್ಕೆ.

"ಹಮಾಲಿಗಳಿಗೆ ಕೇಳಿಸಲಿಲ್ಲವಂತೆ."

"ಇವನು ಕದ್ದಿರಲಿಲ್ಲ! ನನಗೆ ಗೊತ್ತಿತ್ತು, ಹೇಳಲಿಲ್ಲ. ಸಾಕಾ?"

"ಬಾಯಿಂದ ಆಗೋದು ಆಯ್ತು" ಎಂದ ಡ್ರೈವರ್. "ಇನ್ನು ಸ್ವಲ್ಪ ಕಾಲಿನ ಕೆಲಸ ಇದೆ."

ಅಲ್ಲೇ ಜಾಕ್ ಹಚ್ಚಿ ಹಳೇ ಹೋಸ್ ಬಿಚ್ಚಿ ಹೊಸದು ಹಾಕಿದ. ಹೋಸ್ ಬದಲಿಸಿದ ಮೇಲೆ ಒಳಗೆ ಸೇರಿದ ಗಾಳಿ ತೆಗೆಯಬೇಕು, ಅದಕ್ಕೆ ಒಬ್ಬರು ಒಳಗೆ ಕೂತು ಬ್ರೇಕ್ ಒತ್ತಬೇಕು. ಅವನು ಡ್ರೈವರಿನ ಕಡೆಯ ಬಾಗಿಲು ತೆರೆದು ಹಿಡಿದ. ಬೀದಿಯ ಕಣ್ಣೆಲ್ಲ ಸಾಹುಕಾರರ ಮೇಲಿತ್ತು. ಅವರು ಪಂಚೆ ಎತ್ತಿಕೊಂಡು ಒಳಗೆ ಕೂತರು.

ಡ್ರೈವರ್ ಬ್ರೇಕಿನ ಸ್ಕ್ರೂವಿಗೆ ಸಣ್ಣ ಪೈಪು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಆಯಿಲ್ ಇದ್ದ ಗಾಜಿನ ಬಾಟಲಿಗೆ ಇಳಿಬಿಟ್ಟು, ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತ. "ಒತ್ತಿ." ಸ್ಕ್ರೂ ಬಿಚ್ಚಿದ. ಬಾಟಲಿಯೊಳಗೆ ಗುಳ್ಳೆಗಳು ಬುಳುಬುಳು ಎದ್ದವು. "ಹಿಡ್ಕೊಳ್ಳಿ." ಬಿಗಿ ಮಾಡಿದ. "ಬಿಡಿ. ಮತ್ತೆ ಒತ್ತಿ."

ಎಂಟನೆಯ ಸಲಕ್ಕೇ ಗುಳ್ಳೆ ನಿಂತಿತು. ಆಯಿಲ್ ಗಾಜಿನ ಹಾಗೆ ತಿಳಿಯಾಗಿ ಇಳಿಯಿತು. ತಂದಿದ್ದ ಡಬ್ಬಿಯಲ್ಲಿ ಇನ್ನೂ ಬೇಕಾದಷ್ಟು ಆಯಿಲ್ ಇತ್ತು. ಡ್ರೈವರ್ ಬಾನೆಟ್ ಎತ್ತಿ ಅದನ್ನು ನಿಧಾನವಾಗಿ ಬ್ರೇಕಿನ ಬಟ್ಟಲಿಗೆ ಸುರಿದು ಬಂದು ಕೂತ.

"ಒತ್ತಿ. ಹಿಡ್ಕೊಳ್ಳಿ. ಬಿಡಿ."

ಮೂವತ್ತು ದಾಟಿದ ಮೇಲೆ ಸಾಹುಕಾರರು ಕಿಟಕಿಯಿಂದ ಬೆವೆತ ಮುಖ ಹೊರಗೆ ಹಾಕಿದರು. "ಇನ್ನೂ ಗಾಳಿ ಇದ್ಯೇನಯ್ಯಾ?"

"ಇದೆ ಸಾಹುಕಾರ್ರೇ" ಎಂದ ಡ್ರೈವರ್, ತಿಳಿಯಾದ ಬಾಟಲಿಯನ್ನೇ ನೋಡುತ್ತ. "ತುಂಬಾ ಹಳೇ ಗಾಳಿ. ಒತ್ತಿ."