ಪಕ್ಕದ ಸೀಟಿನ ಮೇಷ್ಟ್ರು

ಕಾರು ಕಲಿಸುವ ಮೇಷ್ಟ್ರ ಲೈಸೆನ್ಸು ಅವರ ಜೇಬಿನಲ್ಲಿ ಇರುತ್ತಿರಲಿಲ್ಲ, ಗೋಡೆಯ ಮೇಲಿರುತ್ತಿತ್ತು. ಅದೂ ಮರದ ಕಟ್ಟು ಹಾಕಿಸಿಕೊಂಡು, ಗಾಜಿನ ಹಿಂದೆ. ಶಾಲೆ ಎಂದರೆ ದೊಡ್ಡದೇನೂ ಅಲ್ಲ. ಮನೆಯ ಮುಂದಿನ ಕೋಣೆಯೇ ಆಫೀಸು. ಅಲ್ಲೊಂದು ಮೇಜು, ಒಂದು ಬೆಂಚು, ರಸ್ತೆಯ ಸಂಕೇತಗಳನ್ನು ತೋರಿಸುವ ಪಟ. ಹೊರಗೆ ತಲೆಯ ಮೇಲೆ ಬೋರ್ಡು ಹೊತ್ತ ಒಂದೇ ಒಂದು ಕಾರು. ಬೆಂಚಿನ ಮೇಲೆ ಕೂತವರಿಗೆ ಎದುರಿಗೇ ಕಾಣಲಿ ಎಂದು ಮೇಷ್ಟ್ರು ಲೈಸೆನ್ಸನ್ನು ಅಲ್ಲಿ ತೂಗುಹಾಕಿದ್ದರು. ಫೋಟೋದಲ್ಲಿದ್ದವರಿಗೆ ತಲೆ ತುಂಬ ಕೂದಲು. ಕಲಿಯಲು ಬಂದವರು ಒಮ್ಮೆ ಗೋಡೆ ನೋಡಿ, ಒಮ್ಮೆ ಮೇಷ್ಟ್ರ ತಲೆ ನೋಡಿ, ನಗು ನುಂಗಿಕೊಂಡು ಕೂರುತ್ತಿದ್ದರು.

ಕಾಗದಪತ್ರದ ಕೆಲಸವೆಲ್ಲ ಅವರ ಹೆಂಡತಿಯದು. ಕಲಿಯುವವರು ಆಕೆಯನ್ನು ಅಮ್ಮಾವ್ರು ಎನ್ನುತ್ತಿದ್ದರು. ಯಾರದಾದರೂ ಲೈಸೆನ್ಸು ನವೀಕರಣವಾಗಬೇಕೇ? ಹಳೆಯ ಲೈಸೆನ್ಸು, ಎರಡು ಫೋಟೋ, ಕಣ್ಣು ಸರಿಯಿದೆ ಎಂದು ಡಾಕ್ಟರು ಕೊಟ್ಟ ಚೀಟಿ, ಮನೆ ವಿಳಾಸಕ್ಕೊಂದು ಪುರಾವೆ, ಚೌಕದಿಂದ ಹೊರಗೆ ಹೋಗದ ಹಾಗೆ ಒಂದು ಸಹಿ. ಇಷ್ಟನ್ನೂ ಅಮ್ಮಾವ್ರು ಉಸಿರು ತೆಗೆದುಕೊಳ್ಳದೆ ಒಪ್ಪಿಸಬಲ್ಲರು. ಸುತ್ತಲಿನ ಆರೇಳು ಬೀದಿಯವರ ಲೈಸೆನ್ಸು ಯಾವಾಗ ಮುಗಿಯುತ್ತದೆ ಎಂಬುದು ಆಕೆಯ ಉದ್ದನೆಯ ನೋಟ್‌ಬುಕ್ಕಿನಲ್ಲಿತ್ತು. ಒಂದು ತಿಂಗಳು ಮೊದಲೇ ಫೋನು ಮಾಡಿ ಎಚ್ಚರಿಸುತ್ತಿದ್ದರು. ಆ ನೋಟ್‌ಬುಕ್ಕಿನಲ್ಲಿ ಇಲ್ಲದ ಹೆಸರು ಒಂದೇ, ಗಂಡನದು. ದಿನವೂ ಕಣ್ಣೆದುರಿಗೇ ಇರುವ ಮನುಷ್ಯನಿಗೆ ಯಾರಾದರೂ ಫೋನು ಮಾಡಿ ನೆನಪಿಸುತ್ತಾರೆಯೇ?

ಶಾಲೆಯ ಪರವಾನಗಿ ಆ ತಿಂಗಳ ಕೊನೆಗೆ ಮುಗಿಯುವುದಿತ್ತು. ಅದನ್ನು ಮುಂದುವರಿಸಲು ಅಮ್ಮಾವ್ರು ಸಾರಿಗೆ ಕಚೇರಿಗೆ ಹೋದಾಗ ಗುಮಾಸ್ತ, ಕಲಿಸುವವರ ಲೈಸೆನ್ಸಿನ ಅಸಲನ್ನೇ ತನ್ನಿ ಎಂದ. ಅಮ್ಮಾವ್ರು ಮನೆಗೆ ಬಂದು ಕಟ್ಟನ್ನು ಇಳಿಸಿ, ಹಿಂದಿನ ಮೊಳೆಗಳನ್ನು ಚಮಚದಿಂದ ಕಿತ್ತು, ಲೈಸೆನ್ಸನ್ನು ಹೊರಗೆಳೆದರು. ಕಟ್ಟಿನ ಅಂಚು ಇಷ್ಟು ವರ್ಷ ಮುಚ್ಚಿಕೊಂಡಿದ್ದ ಕೊನೆಯ ಸಾಲು ಆಗ ಬೆಳಕು ಕಂಡಿತು. ಅವಧಿ ಮುಗಿದು ಹದಿನಾಲ್ಕು ತಿಂಗಳಾಗಿತ್ತು.

"ರೀ, ಸ್ವಲ್ಪ ಇಲ್ಲಿ ಬನ್ನಿ. ಕೂತ್ಕೊಂಡು ನೋಡಿ, ನಿಂತ್ಕೊಂಡು ನೋಡಬೇಡಿ," ಎಂದರು ಅಮ್ಮಾವ್ರು.

ಮೇಷ್ಟ್ರು ನಿಂತೇ ನೋಡಿದರು, ಆಮೇಲೆ ಕೂತರು. ನಿಯಮ ಅವರಿಗೆ ಗೊತ್ತಿರದ್ದೇನಲ್ಲ, ಅವರೇ ನೂರಾರು ಜನಕ್ಕೆ ಹೇಳಿದ್ದು. ಅವಧಿ ಮುಗಿದ ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ಸಾಕು. ವರ್ಷ ದಾಟಿತೋ, ಹೊಸಬರ ಸಾಲಿನಲ್ಲಿ ನಿಂತು ಪುನಃ ಕಾರು ಓಡಿಸಿ ತೋರಿಸಬೇಕು. ತಿಂಗಳ ಕೊನೆಯೊಳಗೆ ಉಳಿದಿದ್ದದ್ದು ಒಂದೇ ಪರೀಕ್ಷೆಯ ದಿನ. ಅಂದು ಪಾಸಾಗದಿದ್ದರೆ ಪರವಾನಗಿ ಬಿದ್ದುಹೋಗುತ್ತದೆ, ಕಾರಿನ ಮೇಲಿನ ಬೋರ್ಡು ಇಳಿಯುತ್ತದೆ. ಮೂವತ್ತೊಂದು ವರ್ಷದ ಶಾಲೆಯನ್ನು ಐವತ್ತೇಳನೆಯ ವಯಸ್ಸಿನಲ್ಲಿ ಮತ್ತೆ ಮೊದಲಿನಿಂದ ಕಟ್ಟಬೇಕು. ಭಯವನ್ನು ತೋರಿಸಿಕೊಳ್ಳುವ ಜಾಯಮಾನ ಮೇಷ್ಟ್ರದಲ್ಲ.

"ಪರೀಕ್ಷೆ ತಾನೇ? ನಿದ್ದೆಗಣ್ಣಲ್ಲಿ ಓಡಿಸ್ತೀನಿ," ಎಂದರು.

"ಒಂದೆರಡು ದಿನ ಯಾರನ್ನಾದ್ರೂ ಪಕ್ಕದಲ್ಲಿ ಕೂರಿಸ್ಕೊಂಡು ಪ್ರಾಕ್ಟೀಸು ಮಾಡಬಾರದಾ?"

"ನನಗಾ? ಪ್ರಾಕ್ಟೀಸಾ?" ಮೇಷ್ಟ್ರು ಹೆಂಡತಿಯನ್ನು ಹುಚ್ಚಿಯನ್ನು ನೋಡುವಂತೆ ನೋಡಿದರು.

ಈ ಮನುಷ್ಯನ ಹೆಮ್ಮೆಯ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ಮೂವತ್ತೊಂದು ವರ್ಷ ಕಾರಿನಲ್ಲೇ ಬಾಳಿದವರು ಅವರು, ಅದು ನಿಜ. ಆದರೆ ಕೂರುತ್ತಿದ್ದದ್ದು ಪಕ್ಕದ ಸೀಟಿನಲ್ಲಿ. ಬೆಳಿಗ್ಗೆ ಮೊದಲು ಬಂದವರು ಕಾರನ್ನು ಹೊರತೆಗೆಯುತ್ತಿದ್ದರು, ಸಂಜೆ ಕೊನೆಗೆ ಬಂದವರು ತಂದು ನಿಲ್ಲಿಸುತ್ತಿದ್ದರು. ಮಾರುಕಟ್ಟೆಗೆ ಹೋಗಬೇಕಾದರೂ ಮೇಷ್ಟ್ರು ಒಬ್ಬ ಶಿಷ್ಯನನ್ನು ಹಿಡಿದು, ಅದನ್ನೇ ಅವನ ಅಂದಿನ ಪಾಠ ಮಾಡಿಬಿಡುತ್ತಿದ್ದರು. ಕಲಿಸುವವರ ಕಾಲ ಬಳಿ ಇನ್ನೊಂದು ಬ್ರೇಕು, ಇನ್ನೊಂದು ಕ್ಲಚ್ಚು ಇರುತ್ತವೆ. ಆಕ್ಸಿಲೇಟರ್ ಮಾತ್ರ ಇರುವುದಿಲ್ಲ. ಅದನ್ನು ಮೇಷ್ಟ್ರು ಬಾಯಿಂದ ಒತ್ತುತ್ತಿದ್ದರು. "ಆಕ್ಸಿಲೇಟರ್ ಕೊಡಿ! ಕೊಡಿ ಅಂದ್ರೆ! ಕಾಲು ನಿಮ್ಮದೇನಾ, ಬಾಡಿಗೆಗೆ ತಂದಿದ್ದಾ?" ಎಂದು ಅವರು ಕೂಗಿದರೆ ದಾರಿಯಲ್ಲಿ ಹೋಗುವ ಸೈಕಲ್ಲಿನವನೂ ಬೆಚ್ಚಿ ಪೆಡಲು ತುಳಿಯುತ್ತಿದ್ದ.

ಲೈಸೆನ್ಸು ಇಲ್ಲದೆ ಕಲಿಸುವುದು ಸರಿಯಲ್ಲವೆಂದು ಅಮ್ಮಾವ್ರು ಆ ದಿನವೇ ಕಾರಿನ ಕೀಲಿಯನ್ನು ತಮ್ಮ ಮೇಜಿನೊಳಗೆ ಹಾಕಿಕೊಂಡರು. ಕಲಿಯುತ್ತಿದ್ದವರಿಗೆಲ್ಲ ಫೋನು ಮಾಡಿ ಹತ್ತು ದಿನ ಕಾಯಿರಿ ಎಂದರು. ಮೇಷ್ಟ್ರನ್ನು ಡಾಕ್ಟರ ಹತ್ತಿರ ಕಳಿಸಿದರು. ಅಲ್ಲಿ ಅವರು ಗೋಡೆಯ ಮೇಲಿನ ಅಕ್ಷರಗಳನ್ನು ಪಕ್ಕದ ಕೋಣೆಯ ರೋಗಿಗಳಿಗೂ ಕೇಳುವಂತೆ ಓದಿ ಚೀಟಿ ತಂದರು. ಅರ್ಜಿ ತುಂಬಿದ್ದು ಅಮ್ಮಾವ್ರು, ಚೌಕದಿಂದ ಹೊರಗೆ ಸಹಿ ಹಾಕಿದ್ದು ಮೇಷ್ಟ್ರು. ಇನ್ನೊಂದು ಅರ್ಜಿ ತುಂಬಬೇಕಾಯಿತು.

ಪರೀಕ್ಷೆಯ ದಿನ ಅವರ ಜೊತೆ ಅದೇ ಬಸ್ಸಿನಲ್ಲಿ ಟೈಲರಮ್ಮನೂ ಹೊರಟಳು. ಬೀದಿಯ ಕೊನೆಯಲ್ಲಿ ಬಟ್ಟೆ ಹೊಲಿಯುವ ಹೆಂಗಸು, ಮೇಷ್ಟ್ರ ಶಿಷ್ಯೆ, ಎರಡು ಸಲ ಫೇಲಾದವಳು. ಹೊಲಿದ ಬಟ್ಟೆಗಳನ್ನು ಅಂಗಡಿಗಳಿಗೆ ತಾನೇ ಮುಟ್ಟಿಸಬೇಕೆಂದು ಒಂದು ಹಳೆಯ ವ್ಯಾನು ಕೊಂಡು ನಿಲ್ಲಿಸಿದ್ದಳು. ದಾರಿಯುದ್ದಕ್ಕೂ ಮೇಷ್ಟ್ರು ಅವಳಿಗೆ, ಕನ್ನಡಿ ನೋಡೋದು ಮರೀಬೇಡಿ, ಗಾಬರಿಯಾಗಬೇಡಿ ಎಂದು ಹೇಳುತ್ತಲೇ ಇದ್ದರು. ತಾವೂ ಅದೇ ಸಾಲಿನಲ್ಲಿ ನಿಲ್ಲುವವರು ಎಂಬುದು ಅವರಿಗೆ ಮರೆತೇಹೋದಂತಿತ್ತು.

ಪರೀಕ್ಷೆಯ ಮೈದಾನದಲ್ಲಿ ಬಿಳಿ ಗೆರೆ ಎಳೆದ ಎಂಟರ ಆಕಾರದ ದಾರಿ, ಹಿಂದಕ್ಕೆ ಬಂದು ನಿಲ್ಲಿಸುವ ಜಾಗ, ಕೊನೆಗೆ ಒಂದು ಸಿಮೆಂಟಿನ ದಿಬ್ಬ. ದಿಬ್ಬದ ಅರ್ಧಕ್ಕೆ ಕಾರು ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಮತ್ತೆ ಹೊರಡಿಸಬೇಕು. ಪರೀಕ್ಷೆಗೆ ಕಚೇರಿಯದೇ ಕಾರು. ಕಲಿಸಿದವರು ಹಿಂದಿನ ಸೀಟಿನಲ್ಲಿ ಕೂರಬಹುದಿತ್ತು. ಹಿಂದಿನ ಎರಡು ಸಲವೂ ಟೈಲರಮ್ಮನ ಹಿಂದೆ ಮೇಷ್ಟ್ರು ಕೂತು, ಬ್ರೇಕಿಗೊಂದು ಕೆಮ್ಮು, ಗೇರಿಗೆ ಎರಡು ಕೆಮ್ಮು ಎಂದು ಕೆಮ್ಮಿ ಕೆಮ್ಮಿ ಗಂಟಲು ಹರಿದುಕೊಂಡಿದ್ದರು. ಈ ಸಲ ಅವರೇ ಪರೀಕ್ಷೆಗೆ ಕೂತವರಾದ್ದರಿಂದ ಅವಳ ಹಿಂದೆ ಕೂರಲು ಬಿಡಲಿಲ್ಲ. ಪರೀಕ್ಷೆ ಮಾಡುತ್ತಿದ್ದ ಇನ್‌ಸ್ಪೆಕ್ಟರ್ ಹೊಸದಾಗಿ ಬಂದ ಚಿಕ್ಕ ವಯಸ್ಸಿನ ಹೆಂಗಸು, ಮೆಲುದನಿಯವಳು. ಮೇಷ್ಟ್ರು ಯಾರೆಂದು ಅವಳಿಗೆ ಗೊತ್ತಿರಲಿಲ್ಲ.

ತಮ್ಮ ಸರದಿ ಬಂದಾಗ ಮೇಷ್ಟ್ರು ಗತ್ತಿನಿಂದ ಹೋಗಿ, ಬಾಗಿಲು ತೆಗೆದು ಕೂತು, ಬೆಲ್ಟು ಹಾಕಿಕೊಂಡರು.

"ಸಾರ್, ಅದು ನನ್ನ ಸೀಟು," ಎಂದಳು ಇನ್‌ಸ್ಪೆಕ್ಟರ್.

ಸಾಲಿನಲ್ಲಿ ನಿಂತಿದ್ದ ಹುಡುಗಿಯರು ಕಿಸಕ್ಕನೆ ನಕ್ಕರು. ಮೇಷ್ಟ್ರು ಇಳಿದು, ಕಾರನ್ನು ಒಂದು ಸುತ್ತು ಹಾಕಿ, ಸ್ಟಿಯರಿಂಗಿನ ಮುಂದೆ ಕೂತರು. ಎಂಟರ ದಾರಿಯನ್ನು ಹೇಗೋ ದಾಟಿಸಿದರು. ಹಿಂದಕ್ಕೆ ಬಂದು ನಿಲ್ಲಿಸಿದ್ದೂ ಸರಿಯಾಯಿತು. ದಿಬ್ಬದ ಅರ್ಧಕ್ಕೆ ಬಂದು, ನಿಂತು, ಹ್ಯಾಂಡ್‌ಬ್ರೇಕು ಎಳೆದರು. ಹೊರಡಿ ಎಂದಳು ಇನ್‌ಸ್ಪೆಕ್ಟರ್. ಮೇಷ್ಟ್ರು ಹ್ಯಾಂಡ್‌ಬ್ರೇಕು ಇಳಿಸಿದರು. ಒಂದು ಕಾಲು ಕ್ಲಚ್ಚಿನ ಮೇಲೆ, ಒಂದು ಕಾಲು ಬ್ರೇಕಿನ ಮೇಲೆ, ಮೂವತ್ತೊಂದು ವರ್ಷದಿಂದ ಇಟ್ಟ ಹಾಗೆಯೇ.

"ಆಕ್ಸಿಲೇಟರ್ ಕೊಡಿ," ಎಂದು ಗಟ್ಟಿಯಾಗಿ ಹೇಳಿ, ಬ್ರೇಕಿನಿಂದ ಕಾಲು ತೆಗೆದು, ಕಾದರು.

ಯಾರೂ ಕೊಡಲಿಲ್ಲ.

"ಕೊಡಿ ಅಂದ್ರೆ!"

ಕಾರು ನಿಧಾನವಾಗಿ ಹಿಂದಕ್ಕೆ ಜಾರಿ, ಬಿಳಿ ಗೆರೆ ದಾಟಿ, ಅಲ್ಲಿಟ್ಟಿದ್ದ ರಬ್ಬರು ಕಂಬವನ್ನು ಮಲಗಿಸಿ ನಿಂತಿತು.

"ಯಾರಿಗೆ ಹೇಳ್ತಾ ಇದೀರಿ ಸಾರ್?" ಇನ್‌ಸ್ಪೆಕ್ಟರ್ ನಿಜವಾಗಿಯೂ ತಿಳಿಯದೆ ಕೇಳಿದಳು. ಮೇಷ್ಟ್ರು ಹ್ಯಾಂಡ್‌ಬ್ರೇಕು ಎಳೆದ ಮೇಲೆ ಅವಳೇ ಹೇಳಿದಳು. "ಇನ್ನೊಂದು ಅವಕಾಶ ಇದೆ. ಎಲ್ಲರದೂ ಮುಗಿದ ಮೇಲೆ ಬನ್ನಿ. ಅದೂ ಆಗಲಿಲ್ಲ ಅಂದ್ರೆ ಮುಂದಿನ ತಿಂಗಳು."

ಮೇಷ್ಟ್ರು ತಗಡಿನ ನೆರಳಿನ ಕೆಳಗಿದ್ದ ಬೆಂಚಿನ ಮೇಲೆ ಹೋಗಿ ಕೂತರು. ಕಾಲು ನಡುಗುತ್ತಿತ್ತು. ಎಷ್ಟೋ ಜನರ ಕಾಲು ಹೀಗೆ ನಡುಗಿದ್ದನ್ನು ಪಕ್ಕದಿಂದ ನೋಡಿದ್ದರು, ಅದು ಹೇಗಿರುತ್ತದೆಂದು ಮಾತ್ರ ಈಗ ತಿಳಿಯಿತು. ಅವರಿಗೆ ಹೆದರಿಕೆಯಾಗಿತ್ತು. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಗಿತ್ತು.

ಅಷ್ಟರಲ್ಲಿ ಟೈಲರಮ್ಮ ಓಡಿಬಂದಳು. ಮುಖ ಅರಳಿತ್ತು.

"ಮೇಷ್ಟ್ರೇ, ಆಯ್ತು! ಪಾಸು! ದಿಬ್ಬಾನೂ ಒಂದೇ ಸಲಕ್ಕೆ ಹತ್ತಿಸಿಬಿಟ್ಟೆ!"

"ಭೇಷ್," ಎಂದರು ಮೇಷ್ಟ್ರು. ಮನಸ್ಸಿನಿಂದಲೇ ಅಂದರು. "ಹತ್ತು ದಿನ ಪಾಠಾನೂ ಇರಲಿಲ್ಲ. ಅದು ಹೇಗೆ ಬಂತು?"

ಖುಷಿಯಲ್ಲಿದ್ದವಳು ಹಿಂದೆಮುಂದೆ ನೋಡದೆ ಇದ್ದದ್ದನ್ನೇ ಹೇಳಿಬಿಟ್ಟಳು. "ನೀವು ಕಾರಲ್ಲಿ ಇರಲಿಲ್ಲವಲ್ಲ ಮೇಷ್ಟ್ರೇ, ಅದಕ್ಕೇ ಬಂತು." ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. "ಹಂಗಲ್ಲ... ಕಲಿಸಿದ್ದು ನೀವೇ. ಏನು ಮಾಡಬೇಕು ಅಂತ ಎಲ್ಲಾ ಗೊತ್ತಿರುತ್ತೆ. ನೀವು ಕೂಗಿದ ಕೂಡ್ಲೆ ಕಾಲು ಕೇಳಲ್ಲ, ಅಷ್ಟೇ."

ಬೇರೆ ದಿನವಾಗಿದ್ದರೆ ಮೂಗಿನ ತುದಿಯಲ್ಲಿದ್ದ ಕೋಪ ಸಿಡಿಯುತ್ತಿತ್ತು. ಅಂದು ಮೇಷ್ಟ್ರು ಸುಮ್ಮನೆ ತಲೆಯಾಡಿಸಿದರು. ಅವಳು ಒಳ್ಳೆಯ ಮನಸ್ಸಿನವಳು, ಸುಳ್ಳು ಹೇಳುವವಳಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಎಲ್ಲರದೂ ಮುಗಿದ ಮೇಲೆ ಅವರನ್ನು ಕರೆದರು. ಈ ಸಲ ಸರಿಯಾದ ಬಾಗಿಲನ್ನೇ ತೆಗೆದರು. ದಿಬ್ಬದ ಮೇಲೆ ಕಾರು ನಿಂತಿತು. ಕೊಡಿ ಅಂದ್ರೆ, ಎಂದು ಕಿವಿಯೊಳಗೆ ಯಾರೋ ಕೂಗಿದರು, ಅದು ಅವರದೇ ದನಿ. ಬಲಗಾಲು ಕಲ್ಲಾಯಿತು. ಪಕ್ಕದಲ್ಲಿದ್ದ ಇನ್‌ಸ್ಪೆಕ್ಟರ್ ಏನೂ ಹೇಳಲಿಲ್ಲ, ಗಡಿಯಾರ ನೋಡಲಿಲ್ಲ, ಉಸಿರು ಸಹ ಜೋರಾಗಿ ಬಿಡಲಿಲ್ಲ. ಕಿಟಕಿಯ ಆಚೆ ನೋಡುತ್ತ ಕೂತಿದ್ದಳು. ಪಕ್ಕದ ಸೀಟಿನಲ್ಲಿ ಹೀಗೂ ಕೂರಬಹುದೆಂದು ಮೇಷ್ಟ್ರಿಗೆ ಈವರೆಗೆ ಹೊಳೆದಿರಲಿಲ್ಲ. ಆ ಮೌನದಲ್ಲಿ ಕಾಲು ಮೆಲ್ಲಗೆ ಸಡಿಲವಾಯಿತು. ಬ್ರೇಕಿನಿಂದ ಎದ್ದು ಪಕ್ಕಕ್ಕೆ ಸರಿಯಿತು, ಒತ್ತಿತು. ಕಾರು ಒಂದು ಅಂಗುಲವೂ ಜಾರದೆ ದಿಬ್ಬ ಹತ್ತಿತು.

ಸಂಜೆ ಪಾಸಾದ ಚೀಟಿಯನ್ನು ಮೇಷ್ಟ್ರು ಹೆಂಡತಿಯ ಮೇಜಿನ ಮೇಲಿಟ್ಟರು. ಅಮ್ಮಾವ್ರು ಅದನ್ನು ಎರಡು ಸಲ ಓದಿ, ಕಣ್ಣಿಗೊತ್ತಿಕೊಂಡು, ಪರವಾನಗಿಯ ಕಾಗದಗಳ ಜೊತೆ ಸೇರಿಸಿದರು. ಶಾಲೆ ಉಳಿಯಿತು. ಮೇಷ್ಟ್ರು ಎದುರಿನ ಬೆಂಚಿನ ಮೇಲೆ, ಕಲಿಯುವವರು ಕೂರುವ ಜಾಗದಲ್ಲಿ ಕೂತು, ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದರು. ತಪ್ಪು ಸೀಟಿನಲ್ಲಿ ಕೂತದ್ದು ಕೇಳಿ ಅಮ್ಮಾವ್ರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ರಬ್ಬರು ಕಂಬ ಬಿದ್ದದ್ದಕ್ಕೆ ಇನ್ನಷ್ಟು ನಕ್ಕರು. ಟೈಲರಮ್ಮನ ಮಾತಿಗೆ ಬಂದಾಗ ಮಾತ್ರ ನಗಲಿಲ್ಲ.

"ಏನು, ಸುಮ್ಮನಾದೆ?" ಎಂದರು ಮೇಷ್ಟ್ರು.

ಅಮ್ಮಾವ್ರು ಕಾಗದಗಳಿಗೆ ಪಿನ್ನು ಹಾಕುತ್ತಲೇ ಹೇಳಿದರು. "ಮದುವೆಯಾದ ಹೊಸದರಲ್ಲಿ ನನಗೂ ಕಲಿಸೋಕೆ ಹೊರಟಿದ್ರಿ. ಮೂರನೇ ದಿನ ನಡುರಸ್ತೆಯಲ್ಲಿ ಇಳಿದು ಮನೆಗೆ ನಡ್ಕೊಂಡು ಬಂದೆ. ನೆನಪಿದೆಯಾ?"

"ನೆನಪಿದೆ. ನಿನಗೆ ಕಾರು ಇಷ್ಟ ಇಲ್ಲ ಅಂದ್ಕೊಂಡೆ."

"ಇಷ್ಟ ಇತ್ತು ರೀ. ತುಂಬಾ ಇಷ್ಟ ಇತ್ತು." ಪಿನ್ನು ಕಾಗದದ ಮೇಲೆ ನಿಂತಿತು. "ಸ್ವಲ್ಪ ಹೊತ್ತು ಸುಮ್ಮನಿರಿ, ನನಗೆ ಬರುತ್ತೆ ಅಂತ ಹೇಳಿದ್ದೆ. ಮೂರು ಸಲ ಹೇಳಿದೆ. ನೀವು ಕೂಗ್ತಾ ಇದ್ರಿ, ಕೇಳಿಸಲಿಲ್ಲ."

ಹೊರಗೆ ಯಾರೋ ಬೈಕು ನಿಲ್ಲಿಸಿ, ಮಾತಾಡಿ, ಹೊರಟುಹೋದರು. ಮದುವೆಯಾದಾಗಿನಿಂದ ಇಪ್ಪತ್ತೊಂಬತ್ತು ವರ್ಷ ಶಾಲೆಯ ಕಾಗದಗಳನ್ನೆಲ್ಲ ತುಂಬಿದ ಅಮ್ಮಾವ್ರ ಕೈಗಳು ಮೇಜಿನ ಮೇಲೆ ಸುಮ್ಮನಿದ್ದವು. ಮೇಷ್ಟ್ರು ಅವನ್ನೇ ನೋಡುತ್ತ ಕೂತಿದ್ದರು.

"ಈಗ ಕೇಳಿಸ್ತು ಕಣೇ," ಎಂದರು.