ಮೊಳೆಯಿಲ್ಲದ ಚಪ್ಪಲಿ

ಕಳೆದ ತಿಂಗಳು ಬೈಲಹೊಂಗಲದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದ ಪಂಕ್ಚರ್ ಅಂಗಡಿಯಿಂದ ರಬ್ಬರಿಗೆ ಹಚ್ಚುವ ಅಂಟಿನ ವಾಸನೆ ಬಂತು. ನಾನು ಚಪ್ಪಲಿ ಹೊಲಿಯುವುದನ್ನು ಬಿಟ್ಟು ಎಂಟು ವರ್ಷವಾಯಿತು. ಆದರೂ ಆ ವಾಸನೆಗೆ ಕಣ್ಣು ಮುಚ್ಚಿದರೆ ಒಬ್ಬ ಪಾಸ್ಟರ್ ನನ್ನ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸುತ್ತಾರೆ...

ತೊಂಬತ್ತರ ದಶಕದಲ್ಲಿ ಸವದತ್ತಿಯ ಬಸ್ ನಿಲ್ದಾಣದ ಹತ್ತಿರ ನನ್ನ ಅಂಗಡಿಯಿತ್ತು. ಆ ಪಾಸ್ಟರದು ಇಪ್ಪತ್ತೋ ಮೂವತ್ತೋ ಕ್ರೈಸ್ತ ಮನೆಗಳ ಸಣ್ಣ ಸಭೆ. ಭಾನುವಾರ ಬೋಧನೆ ಮಾಡುತ್ತಿದ್ದರು. ಉಳಿದ ಆರು ದಿನ ಸೈಕಲ್ಲಿನ ಕ್ಯಾರಿಯರಿಗೆ ಒಂದು ಬೋಗುಣಿ ಕಟ್ಟಿಕೊಂಡು ಹಳ್ಳಿ ಹಳ್ಳಿ ತಿರುಗಿ, ಕುಷ್ಠರೋಗ ಬಂದು ಹೋದವರ ಕಾಲು ತೊಳೆದು ಗಾಯ ಕಟ್ಟುತ್ತಿದ್ದರು. ಗುಳಿಗೆಯಿಂದ ಅವರ ರೋಗ ಹೋಗಿತ್ತು, ಆದರೆ ಅಂಗಾಲಿನ ಅರಿವು ಮರಳಿರಲಿಲ್ಲ.

ಮೊದಲ ದಿನ ಅವರು ನನ್ನ ಮುಂದೆ ಒಂದು ಪತ್ರಿಕೆಯ ಹಾಳೆ ಹರಡಿದರು. ಅದರ ಮೇಲೆ ಪೆನ್ಸಿಲಿನಿಂದ ಪಾದದ ಸುತ್ತ ಗೆರೆ ಎಳೆದಿದ್ದರು. "ಈ ಅಳತಿಗೆ ಮಾಡ್ರಿ. ಮೊಳಿ ಮಾತ್ರ ಬ್ಯಾಡ. ಬರೇ ಅಂಟು, ಹೊಲಿಗಿ. ಈ ಕಾಲಿಗೆ ಚುಚ್ಚಿದ್ದು ತಿಳಿಯೂದಿಲ್ರಿ" ಎಂದರು. ಅಳತೆಗೆ ಕಾಗದ ತಂದದ್ದು ಯಾಕೆಂದು ನಾನು ಕೇಳಲಿಲ್ಲ. ಆ ಕಾಲುಗಳನ್ನು ನಾನು ಮುಟ್ಟುತ್ತಿರಲಿಲ್ಲವೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮುನವಳ್ಳಿ ರಸ್ತೆಯ ಕಾಲುವೆ ದಂಡೆಯ ಮೇಲೆ ಒಬ್ಬಳೇ ಇದ್ದ ಹೆಂಗಸಿನ ಜೋಡು ಅದು. ಅವರಿವರ ಹೊಲದಲ್ಲಿ ಹತ್ತಿ ಬಿಡಿಸಿ ಹೊಟ್ಟೆ ಹೊರೆಯುತ್ತಿದ್ದಳು. ಎರೆಮಣ್ಣಿನಲ್ಲಿ ದಿನವಿಡೀ ನಡೆಯುವವಳಿಗೆ ಬರಿಯ ಅಂಟು ಎಷ್ಟು ದಿನ ಬಂದೀತು ಎಂದುಕೊಂಡೆ. ನನ್ನ ಕೈಯಿಂದ ಹೋದ ಚಪ್ಪಲಿ ಹರಿಯಿತು ಎನ್ನಿಸಿಕೊಳ್ಳುವುದು ನನಗೆ ಆಗದ ಮಾತು. ಹಿಮ್ಮಡಿಯಲ್ಲಿ ಎರಡು ಸಣ್ಣ ಮೊಳೆ ಹೊಡೆದೆ. ತುದಿ ಮಡಚಿ, ಮೇಲೆ ರಬ್ಬರ್ ಅಂಟಿಸಿದೆ. ಪಾಸ್ಟರಿಗೆ ಹೇಳಲಿಲ್ಲ.

ಮೂರನೆಯ ವಾರ ಅವರು ಬಂದು ಎಡಗಾಲಿನ ಚಪ್ಪಲಿಯನ್ನು ನನ್ನ ಮುಂದಿಟ್ಟರು.

"ಹೆಬ್ಬೆರಳಿಂದ ಒತ್ರಿ."

ಒತ್ತಿದೆ. ಚುರ್ರೆಂದಿತು. ರಕ್ತ ಬಂತು.

"ನಿಮಗ ತಿಳೀತು. ಆಕಿಗೆ ತಿಳೀಲಿಲ್ಲ. ಎಂಟು ದಿನ ಇದರ ಮ್ಯಾಲೆ ನಡದಾಳ" ಎಂದರು. ದನಿ ಏರಿಸಲಿಲ್ಲ. "ಅಂಗಡಿ ಮುಚ್ರಿ. ಸೈಕಲ್ ಹಿಂದ ಕುಂದರ್ರಿ."

ಆಕೆಯ ಗುಡಿಸಲಿನ ಬಾಗಿಲಲ್ಲಿ ನಾನು ನಿಂತುಬಿಟ್ಟೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀನಾ ತಮ್ಮಾ ಮೊಳಿ ಹೊಡದಾವ? ಬಾಳಿಕಿ ಬರ್ಲಿ ಅಂತ ಹೊಡದೀ. ನಿನ್ನ ಚಪ್ಪಲಿ ಬಾಳಿಕಿ ಬಂತು ನೋಡು, ನನ್ನ ಕಾಲ ಬರ್ಲಿಲ್ಲ!" ಎಂದು ನಕ್ಕಳು. ಆ ನಗೆಯನ್ನು ನನಗೆ ಸಹಿಸಲಾಗಲಿಲ್ಲ.

ಹಿಂದಿನ ದಿನ ಆಕೆಯ ಕಾಲು ನೋಡಿದ್ದ ಡಾಕ್ಟರು ಹೇಳಿದ್ದನ್ನು ಪಾಸ್ಟರ್ ನನಗೆ ತಿಳಿಸಿದರು: ಎರಡು ತಿಂಗಳು ಆ ಕಾಲು ನೆಲಕ್ಕೆ ಊರಬಾರದು. ಕೀವು ಎಲುಬಿಗೆ ಇಳಿದರೆ ಪಾದವನ್ನೇ ತೆಗೆಯಬೇಕು. ಪಾದ ಹೋದರೆ ಹೊಲವಿಲ್ಲ, ಹೊಲವಿಲ್ಲದಿದ್ದರೆ ರೊಟ್ಟಿಯಿಲ್ಲ. ನಾನು ಪಾಸ್ಟರ ಕಡೆ ತಿರುಗಿ, "ತಪ್ಪಾತ್ರಿ, ಕ್ಷಮಾ ಮಾಡ್ರಿ" ಎಂದೆ.

"ನನ್ನ್ಯಾಕ ಕೇಳ್ತೀರಿ? ಕಾಲು ಆಕೀದು. ಮೊದ್ಲ ಆ ಕೊಡ ಎತ್ರಿ, ನೀರು ತರ್ರಿ."

ಅವರು ದಿನವೂ ಹೋದರು. ಒಂದು ದಿನವೂ ತಪ್ಪಲಿಲ್ಲ. ಮನೆಯಿಂದ ಬುತ್ತಿ ಒಯ್ದರು, ಕಸ ಹೊಡೆದರು, ಮೊಣಕಾಲೂರಿ ಕುಳಿತು ಬೋಗುಣಿಯಲ್ಲಿ ಆ ಪಾದವನ್ನು ಅರ್ಧ ತಾಸು ನೆನೆಸಿ ತೊಳೆದರು. ಮುಟ್ಟುವ ಮೊದಲು ಕಣ್ಣು ಮುಚ್ಚಿ ತುಟಿಯಲ್ಲೇ ಪ್ರಾರ್ಥಿಸುತ್ತಿದ್ದರು. ಆಕೆ ಅವರ ಸಭೆಯವಳಲ್ಲ, ಯಲ್ಲಮ್ಮನಿಗೆ ನಡೆದುಕೊಳ್ಳುವವಳು. ಸಭೆಗೆ ಬಾ ಎಂದು ಅವರು ಆಕೆಯನ್ನೂ ಕರೆಯಲಿಲ್ಲ, ನನ್ನನ್ನೂ ಕರೆಯಲಿಲ್ಲ. ನೀರು ಹೊರಲು ದಿನವೂ ಅವರ ಜೊತೆ ಹೋಗುತ್ತಿದ್ದ ನಾನೇ ಒಮ್ಮೆ, ಇಷ್ಟು ಯಾಕೆ ಮಾಡುತ್ತೀರಿ ಎಂದು ಕೇಳಿದೆ. "ನನ್ನ ಸ್ವಾಮಿ ತಾನ ಮಂದಿ ಕಾಲ ತೊಳದಾನ. ನಾ ಯಾವ ದೊಡ್ಡಾಂವ್ರಿ?" ಎಂದರು.

ಶುಭ ಶುಕ್ರವಾರದ ದಿನ ಸಭೆಯ ಹಿರಿಯರೊಬ್ಬರು ಬೆವರುತ್ತ ಗುಡಿಸಲಿಗೇ ಬಂದರು. "ಏನ್ರಿ ಪಾಸ್ಟರ್, ಮಂದಿ ಕೂಡಿ ತಾಸಾತು!"

"ಹಾಡ್ಕೋತ ಕುಂದರ್ರಿ ಅನ್ರಿ, ಬರ್ತೇನಿ. ನೀವು ಹಾಡ್ತೀರಿ ಅಂತ ಗಾಯ ಸುಮ್ಮ ಕುಂದರೂದಿಲ್ಲ."

ಆಕೆ ಬಾಯಿ ಹಾಕಿದಳು. "ಹೋಗೋ ಮಾರಾಯಾ, ನಿನ್ನ ದೇವರು ನನ್ನ ಮ್ಯಾಲೆ ಸಿಟ್ಟಾದಾನು!"

"ನಮ್ಮ ದೇವರು ಇಲ್ಲೇ ಅದಾನ ಬೇ ಅಕ್ಕಾ. ಕಾಲ ಅಲಗಸಬ್ಯಾಡ."

ಅವತ್ತು ಬಟ್ಟೆ ಸುತ್ತಲು ಇನ್ನೊಂದು ಕೈ ಬೇಕಾಯಿತು. ನಾನು ಕುಳಿತು ಆ ಪಾದ ಹಿಡಿದೆ. ಬೆಚ್ಚಗಿತ್ತು. ಅದು ಬೆಚ್ಚಗಿರುತ್ತದೆ ಎಂದು ನಾನು ಎಣಿಸಿರಲಿಲ್ಲ...

ಬಿಸಿಲು ಬಲಿಯುವ ಹೊತ್ತಿಗೆ ಗಾಯ ಮುಚ್ಚಿತು. ಪಾಸ್ಟರ್ ಹೊಸ ಚರ್ಮದ ಮೇಲೆ ಬೆರಳಾಡಿಸಿ, ಇನ್ನೊಮ್ಮೆ ಆಡಿಸಿ, "ದೇವರಿಗೆ ಸ್ತೋತ್ರ!" ಎಂದು ಕೂಗಿದ ಕೂಗಿಗೆ ಕಾಲುವೆಯ ಆಚೆ ಎಮ್ಮೆ ಮೇಯಿಸುತ್ತಿದ್ದವರು ತಿರುಗಿ ನೋಡಿದರು. ನಾನೂ ಕೂಗಿದೆ. ಏನು ಕೂಗಿದೆನೋ ನೆನಪಿಲ್ಲ.

ಮುಂದಿನ ಹತ್ತಿಯ ಸುಗ್ಗಿಯಲ್ಲಿ, ಸಂತೆಯ ದಿನ, ಆಕೆ ತಾನೇ ನಡೆದುಕೊಂಡು ನನ್ನ ಅಂಗಡಿಗೆ ಬಂದಳು. ಸುತ್ತಲಿನವರು ಸರಿದು ನಿಂತರು. ಆಕೆ ಕುಳಿತು ಎಡಗಾಲು ಮುಂದೆ ಚಾಚಿದಳು. "ಪೇಪರಿನ ಮ್ಯಾಲಿನ ಕಾಲ ಎಷ್ಟ ದಿನಾ ನೋಡ್ತೀ ತಮ್ಮಾ? ಅಳತಿ ತಗೋ." ನಡುಬಜಾರದಲ್ಲಿ ಆ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಅಳತೆ ತೆಗೆದುಕೊಂಡೆ. ನನ್ನ ಕಸಬಿನಲ್ಲಿ ಅದಕ್ಕಿಂತ ದೊಡ್ಡ ದಿನ ಬರಲಿಲ್ಲ.

ಕೆಲ ವರ್ಷಗಳ ನಂತರ ಪಾಸ್ಟರಿಗೆ ರಾಮದುರ್ಗಕ್ಕೆ ವರ್ಗವಾಯಿತು. ಅಲ್ಲಿಯೂ ಸೈಕಲ್ ಬಿಡಲಿಲ್ಲವಂತೆ. ಒಂದು ಮಳೆಗಾಲದಲ್ಲಿ ಎದೆನೋವು ಬಂದು ತೀರಿಕೊಂಡರು. ಸುದ್ದಿ ನನಗೆ ಮುಟ್ಟುವಾಗ ಮಣ್ಣಾಗಿ ತಿಂಗಳಾಗಿತ್ತು. ಅವರ ಮುಖವನ್ನು ಕೊನೆಯದಾಗಿ ನೋಡಲಿಲ್ಲ ಎಂಬ ಕೊರತೆ ಇನ್ನೂ ಇದೆ.

ಆಕೆ ಮುಪ್ಪಾಗಿ ಈ ಬೇಸಿಗೆಯಲ್ಲಿ ಹೋದಳು. ಮೈ ತೊಳೆದ ಹೆಂಗಸರು ಕರೆದರು, ಹೋಗಿ ನೋಡಿದೆ. ಎರಡೂ ಪಾದ ಇದ್ದವು. ಒಂದು ಗಾಯವೂ ಇರಲಿಲ್ಲ. ಓಡಿಹೋಗಿ ಹೇಳಬೇಕು ಎನ್ನಿಸಿತು, ಎದ್ದೂ ನಿಂತೆ. ಹೇಳಬೇಕಾದವರು ಇರಲಿಲ್ಲ.